ಹತ್ತನೇ ಕ್ಲಾಸಿನ ಅಮ್ಮಂದಿರು

“ಇಲ್ಲಿ ಯಾವುದೋ ಫೋಟೋ ಇತ್ತಲ್ವಾ?”

ನಾನು ಕೇಳಿದ್ದು ಇಷ್ಟೇ. ಪ್ರಣತಿಯ ಕೈಯಲ್ಲಿದ್ದ ಟ್ರೇ ಅಲುಗಿ, ಕಾಫಿ ಲೋಟಗಳು ಒಂದಕ್ಕೊಂದು ತಾಗಿದವು.

“ಎಲ್ಲಿ?”

“ಈ ಗಣಪತಿ ಕ್ಯಾಲೆಂಡರ್ ಹಿಂದೆ.”

ಟಿವಿಯ ಮೇಲ್ಗಡೆ ಎರಡು ಮೊಳೆ. ಒಂದಕ್ಕೆ ಇಂಡಿಯನ್ ಅಂಗಡಿಯವರು ಬಿಟ್ಟಿ ಕೊಡುವ ಕ್ಯಾಲೆಂಡರ್ ನೇತುಹಾಕಿದ್ದರು, ಇನ್ನೊಂದು ಖಾಲಿ. ಕ್ಯಾಲೆಂಡರ್ ಚಿಕ್ಕದು, ಅದರ ಹಿಂದೆ ಗೋಡೆ ಬೆಳ್ಳಗೆ ಉಳಿದಿದ್ದ ಚೌಕ ದೊಡ್ಡದು. ಅಕ್ಟೋಬರ್ ಮುಗಿಯುತ್ತಾ ಬಂದಿದ್ದರೂ ಗಣಪತಿ ಇನ್ನೂ ಜನವರಿಯಲ್ಲೇ ಕೂತಿದ್ದ. ಅಂದರೆ ಅವನನ್ನು ಅಟ್ಟದಿಂದಲೋ ಡ್ರಾಯರಿನಿಂದಲೋ ಅವಸರದಲ್ಲಿ ಎಳೆದು ತಂದಿದ್ದರು.

“ಪೇಂಟ್ ಮಾಡಿಸ್ಬೇಕು ಅಂತ ರಾಘವ್ ತೆಗ್ದಿಟ್ಟಿದಾರೆ,” ಎಂದಳು ಪ್ರಣತಿ. ಕಣ್ಣು ಟ್ರೇ ಮೇಲೇ ಇತ್ತು.

ನಿನ್ನೆಯಿಂದ ನಾನು ಹೊಕ್ಕ ಮೂರನೇ ಮನೆ ಇದು. ಮೂರೂ ಕನ್ನಡದವರ ಮನೆ, ಮೂರೂ ಕಡೆ ಒಳ್ಳೆಯ ಕಾಫಿ, ಮೂರೂ ಕಡೆ ಟಿವಿ ಮೇಲೆ ಖಾಲಿ ಮೊಳೆ. ಮೂರು ಸಂಸಾರಕ್ಕೂ ಒಂದೇ ವಾರದಲ್ಲಿ ಪೇಂಟಿಂಗ್ ಹುಚ್ಚು ಹಿಡಿಯುವುದಕ್ಕೆ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಯಾರೂ ಸುಣ್ಣಬಣ್ಣ ಪುಕ್ಕಟೆ ಹಂಚುತ್ತಿರಲಿಲ್ಲ.

ನಮ್ಮವರ ಮನೆಯ ಆ ಜಾಗದಲ್ಲಿ ಏನಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾನ್ವೊಕೇಶನ್ ಫೋಟೋ. ಕರಿ ಗೌನು, ಕೈಯಲ್ಲಿ ಸುರುಳಿ ಸುತ್ತಿದ ಪದವಿ ಪತ್ರ, ಹಿಂದೆ ಸ್ಟುಡಿಯೋದವನ ನೀಲಿ ಪರದೆ. ತೂಕ ಹೆಚ್ಚಾಯಿತೆಂದು ಏರ್‌ಪೋರ್ಟಿನಲ್ಲಿ ಹಪ್ಪಳ, ಉಪ್ಪಿನಕಾಯಿ ತೆಗೆದಿಟ್ಟು ವಿಮಾನ ಹತ್ತಿದವರೂ ಆ ಫೋಟೋ ಬಿಟ್ಟು ಬಂದಿರುವುದಿಲ್ಲ. ಅಂಥದ್ದನ್ನು ಮೊಳೆಯಿಂದ ಇಳಿಸಿದ್ದಾರೆ ಎಂದರೆ ಯಾರೋ ಇಳಿಸಿ ಎಂದಿದ್ದಾರೆ.

ಈ ಮನೆಯ ಮಗಳು ಆದ್ಯಾ ಓದುವುದು ಕರೀಲಾ ರೈಸ್ ಸೆಕೆಂಡರಿ ಕಾಲೇಜಿನಲ್ಲಿ. ಹೆಸರಿಗೆ ಕಾಲೇಜು, ಇರುವುದು ಪುಟ್ಟ ಸರ್ಕಾರಿ ಹೈಸ್ಕೂಲು. ಒಂದೇ ರಸ್ತೆಯ ಅಂತರದಲ್ಲಿ ದೊಡ್ಡ ಹೆಸರಿನ ಶಾಲೆಗಳ ಪ್ರವೇಶದ ಝೋನ್ ತಪ್ಪಿದವರೆಲ್ಲ ಬಂದು ಸೇರುವ ಜಾಗ. ಹೋದ ವರ್ಷದಿಂದ ಪೇಪರಿನವರು ಅದನ್ನು ಪವಾಡದ ಶಾಲೆ ಎಂದೇ ಕರೆಯುತ್ತಿದ್ದಾರೆ. ದಾಖಲೆಯ ಪ್ರಕಾರ ಅಲ್ಲಿನ ಹೆಚ್ಚಿನ ಮಕ್ಕಳ ಅಪ್ಪ ಅಮ್ಮ ಶಾಲೆಯ ಮೆಟ್ಟಿಲನ್ನೇ ಪೂರ್ತಿ ಹತ್ತಿದವರಲ್ಲ. ಮಕ್ಕಳ ಮಾರ್ಕ್ಸ್ ನೋಡಿದರೆ ಶ್ರೀಮಂತರ ಪ್ರೈವೇಟ್ ಶಾಲೆಗಳೂ ತಲೆ ತಗ್ಗಿಸಬೇಕು.

ಮಾರ್ಕ್ಸ್ ನಿಜ. ಸುಳ್ಳಾಗಿದ್ದು ಅಪ್ಪ ಅಮ್ಮ. ಇಷ್ಟು ಈಗ ಶಿಕ್ಷಣ ಇಲಾಖೆಗೂ ಗೊತ್ತಾಗಿದೆ. ಹೆತ್ತವರ ವಿವರವನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ಜಯಾ ಎಂದು ಆರೋಪ, ನಾಳೆ ಬೆಳಿಗ್ಗೆ ವಿಚಾರಣೆ. ಜಯಾ ನನ್ನ ಕ್ಲೈಂಟ್, ನಾನು ಖಾಸಗಿ ಪತ್ತೇದಾರಿ. ಅವಳ ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಆದರೆ ಅವಳ ಪಿಆರ್, ಅಂದರೆ ಕಾಯಂ ವಾಸದ ಅರ್ಜಿಯ ಫೈಲ್ ಇನ್ನೂ ಇಮಿಗ್ರೇಶನ್ ಆಫೀಸಿನಲ್ಲೇ ಇದೆ. ಮೋಸದ ಕಪ್ಪು ಚುಕ್ಕೆ ಒಂದು ಅಂಟಿಕೊಂಡರೆ ಈ ದೇಶದ ಬಾಗಿಲೇ ಮುಚ್ಚಿದಂತೆ.

“ಪ್ರಣತಿ, ನೀವು ಎಷ್ಟು ಓದಿದೀರ?”

ಉತ್ತರ ಮೆಟ್ಟಿಲ ಮೇಲಿಂದ ಬಂತು. ರಾಘವ್ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡು ಇಳಿದು ಬರುತ್ತಿದ್ದ. “ಅದೆಲ್ಲ ಪರ್ಸನಲ್ ಅಲ್ವಾ ಶಾಲಿನಿ ಅವ್ರೇ? ಸ್ಕೂಲ್ ಆಫೀಸಲ್ಲಿ ಯಾರೋ ನಮ್ ಡೀಟೇಲ್ಸ್ ಚೇಂಜ್ ಮಾಡಿದಾರೆ. ಆಕ್ಚುವಲಿ, ಅನ್ಯಾಯ ಆಗಿರೋದು ನಮಗೆ.”

“ಸರಿ. ಅಡ್ಮಿಷನ್ ಫಾರ್ಮಲ್ಲಿ ನೀವು ಏನು ತುಂಬಿದ್ರಿ?”

“ಇರೋದನ್ನೇ.”

“ಇರೋದು ಅಂದ್ರೆ?”

ರಾಘವ್ ಹೆಂಡತಿಯನ್ನು ನೋಡಿದ. ಹೆಂಡತಿ ಕಾಫಿ ನೋಡಿದಳು.

ನನಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. “ರಾಘವ್, ನಿಮ್ ಹೆಂಡ್ತಿ ಡಿಗ್ರೀನ ಯಾರೋ ಆಫೀಸಲ್ಲಿ ಕೂತು ಹತ್ತನೇ ಕ್ಲಾಸ್ ಮಾಡಿದ್ರೆ ನೀವೇನು ಮಾಡ್ಬೇಕಿತ್ತು? ಆ ಫೋಟೋ ಎತ್ಕೊಂಡು ಹೋಗಿ ಪ್ರಿನ್ಸಿಪಾಲ್ ಟೇಬಲ್ ಮೇಲೆ ಇಟ್ಟು ಜಗಳ ಆಡ್ಬೇಕಿತ್ತು. ನೀವು ಆಡ್ಲಿಲ್ಲ. ನಾನು ಬರ್ತೀನಿ ಅಂತ ಗೊತ್ತಾದ ತಕ್ಷಣ ಬಚ್ಚಿಟ್ರಿ. ಅನ್ಯಾಯ ಆದವ್ರು ಯಾಕ್ರೀ ಬಚ್ಚಿಡ್ತಾರೆ?”

“ಯಾವ ಫೋಟೋ? ಏನ್ ಮಾತಾಡ್ತಿದೀರ?”

“ಇಟ್ಸ್ ಅಂಡರ್ ಮೈ ಬೆಡ್.”

ಎಲ್ಲರೂ ತಿರುಗಿದೆವು. ಮೆಟ್ಟಿಲ ಮೇಲೆ ಶಾಲೆಯ ಯೂನಿಫಾರ್ಮಿನಲ್ಲಿ ಆದ್ಯಾ ನಿಂತಿದ್ದಳು. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗಿತ್ತು ಎಂದು ಮುಖವೇ ಹೇಳುತ್ತಿತ್ತು.

“ಆದ್ಯಾ, ಒಳಗೆ ಹೋಗು,” ಎಂದ ರಾಘವ್.

“ನೋ, ಡ್ಯಾಡ್. ಐ ಡಿಡ್ ದಿ ವರ್ಕ್. ಐ ಗಾಟ್ ದೋಸ್ ಮಾರ್ಕ್ಸ್. ನೌ ಎವ್ರಿವನ್ ಥಿಂಕ್ಸ್ ಇಟ್ಸ್ ಫೇಕ್.” ಮೇಲೆ ಓಡಿ ಹೋಗಿ, ಫ್ರೇಮು ಹಾಕಿದ ಫೋಟೋ ತಂದು ಅಮ್ಮನ ಮಡಿಲಲ್ಲಿ ಇಟ್ಟಳು. ಶಾಲೆಗೆ ಹೊತ್ತಾಯಿತೆಂದು ಯಾರಿಗೂ ಹೇಳದೆ ಬಾಗಿಲು ಎಳೆದುಕೊಂಡು ಹೊರಟುಹೋದಳು.

ಫೋಟೋದಲ್ಲಿ ಇಪ್ಪತ್ತೆರಡರ ಪ್ರಣತಿ ನಗುತ್ತಿದ್ದಳು. ಎಂ.ಎಸ್‌ಸಿ ಕೆಮಿಸ್ಟ್ರಿ, ಮೈಸೂರು. ಕೊರಳಲ್ಲಿ ಚಿನ್ನದ ಪದಕ. ನಲವತ್ತು ದಾಟಿದ ಪ್ರಣತಿ ಅದರ ಗಾಜನ್ನು ತೋಳಿನಿಂದ ಒರೆಸಿ ಒರೆಸಿ ಅತ್ತಳು. ನೋಡಲಾಗದೆ ನಾನು ಕಾಫಿ ಕುಡಿದೆ.

“ನಾನೇ ತುಂಬಿದ್ದು,” ಎಂದಳು ಕೊನೆಗೆ. “ಜಯಾಗೂ ಇದಕ್ಕೂ ಸಂಬಂಧ ಇಲ್ಲ. ಓದ್ದೇ ಇರೋರ ಮನೆ ಮಕ್ಕಳಿಗೆ ಯೂನಿವರ್ಸಿಟಿ ಸೀಟಲ್ಲಿ ಸ್ವಲ್ಪ ಕನ್ಸೆಷನ್ ಇರತ್ತೆ, ಹಾಗೇ ತುಂಬಿ ಅಂತ ನಾರಾಯಣ ಅಂಕಲ್ ಹೇಳಿದ್ರು. ಸಿಡ್ನಿಲಿದಾರಲ್ಲ, ಮ್ಯಾತ್ಸ್ ಮೇಷ್ಟ್ರು. ಭಾನುವಾರ ಝೂಮಲ್ಲಿ ಪೇರೆಂಟ್ಸ್‌ಗೆಲ್ಲ ಗೈಡ್ ಮಾಡ್ತಿದ್ರು. ನಮ್ ಗ್ರೂಪಲ್ಲಿ ಎಲ್ರೂ ಹಾಗೇ ತುಂಬಿದ್ದು.”

“ಫೋಟೋ ತೆಗೀರಿ ಅಂದಿದ್ದೂ ಅವರೇನಾ?”

“ಹೂಂ.”

“ನಾಳೆ ಬಂದು ಇಷ್ಟನ್ನೇ ಹೇಳ್ತೀರಾ?”

“ಸಾಧ್ಯಾನೇ ಇಲ್ಲ,” ಎಂದ ರಾಘವ್. “ಮುಂದಿನ ವಾರ ಅವಳ ಎಕ್ಸಾಮ್. ಈಗ ಫೈಲ್ ಓಪನ್ ಆದ್ರೆ ಗತಿ ಏನ್ರೀ? ಹದಿಮೂರು ವರ್ಷ ಓದಿದ್ದು ನೀರಲ್ಲಿ ಹೋಮ.”

ಪ್ರಣತಿ ಗಂಡನ ಕಡೆ ನೋಡಲಿಲ್ಲ. “ಅಂಕಲ್ ಬಂದು ಹೇಳಿದ್ರೆ ನಾನೂ ಹೇಳ್ತೀನಿ. ಅವ್ರು ನಿಂತ್ರೆ ಎಲ್ರೂ ನಿಲ್ತಾರೆ. ನಾನೊಬ್ಳೇ ಆದ್ರೆ... ಆಗಲ್ಲ ಶಾಲಿನಿ ಅವ್ರೇ.”

ನಾರಾಯಣ ಮೇಷ್ಟ್ರು ನನ್ನ ಫೋನ್ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಟ್ಯಾಕ್ಸಿಯಲ್ಲಿ ಏರ್‌ಪೋರ್ಟಿನ ದಾರಿ ಹಿಡಿದೆ. ದಾರಿಯಲ್ಲಿ ಜಯಾಗೆ ಫೋನ್ ಮಾಡಿದೆ.

“ಅಕ್ಕಾ, ಹೆಲೆನ್ ಮತ್ತೆ ಕರ್ಸಿದ್ರು,” ಎಂದಳು. ಹೆಲೆನ್ ಎಂದರೆ ಶಾಲೆಯ ಪ್ರಿನ್ಸಿಪಾಲ್. “ನಾನೇ ತಿದ್ದಿದ್ದು ಅಂತ ಬರ್ದು ಇವತ್ತು ಮಧ್ಯಾಹ್ನದೊಳ್ಗೆ ಸೈನ್ ಮಾಡಿದ್ರೆ ಪೊಲೀಸ್ ತನಕ ಹೋಗಲ್ಲ, ಮಕ್ಕಳ ಫೈಲೂ ಓಪನ್ ಮಾಡಲ್ಲ ಅಂತಿದಾರೆ. ನನ್ ಸಾನ್ವಿನೂ ಅದೇ ಕ್ಲಾಸಲ್ಲಿ ಇದಾಳಲ್ಲ ಅಕ್ಕ. ಅವಳಿಗೂ ಮುಂದಿನ ವಾರ ಎಕ್ಸಾಮ್.”

“ಜಯಾ, ಸರಿಯಾಗಿ ಕೇಳು. ಪೊಲೀಸ್‌ಗೆ ಹೋಗಲ್ಲ ಅನ್ನೋದು ಬಾಯಿಮಾತು. ನೀನು ಸಹಿ ಹಾಕೋದು ಪೇಪರ್ ಮೇಲೆ. ಆ ಪೇಪರ್ ನಾಳೆ ನಿನ್ ಪಿಆರ್ ಫೈಲಿಗೆ ಹೋಗಿ ಕೂರತ್ತೆ. ನೀನು, ಸಾನ್ವಿ ಇಬ್ರೂ ಗಂಟು ಮೂಟೆ ಕಟ್ಬೇಕಾಗತ್ತೆ. ಯಾರೇ ಹೇಳಿದ್ರೂ ಸಹಿ ಹಾಕ್ಬೇಡ.”

“ನೀವು ಹೇಳಿದ್ರೆ?”

“ನಾನ್ಯಾಕೆ ಹೇಳ್ತೀನಿ? ನಾರಾಯಣ ಅಂಕಲ್‌ನ ಕರ್ಕೊಂಡು ಬರೋಕೆ ಹೋಗ್ತಿದೀನಿ. ಅವ್ರು ಬಾಯ್ಬಿಟ್ರೆ ನೀನು ಬಚಾವು. ಏನೇ ಅನುಮಾನ ಬಂದ್ರೂ ಮೊದ್ಲು ನಂಗೆ ಫೋನ್ ಮಾಡು.”

“ಆಯ್ತು ಅಕ್ಕ,” ಎಂದಳು. ಅವಳ ದನಿಯಲ್ಲಿ ಧೈರ್ಯ ಇರಲಿಲ್ಲ, ನನ್ನ ಮೇಲಿನ ನಂಬಿಕೆ ಇತ್ತು. ನನಗೆ ಅದೇ ಭಯವಾಯಿತು.

ಮೆಲ್ಬರ್ನ್‌ನಲ್ಲೆಲ್ಲ ಜಾಲಾಡಿ ಕೊನೆಗೆ ನಾನು ಹುಡುಕುತ್ತಿದ್ದ ಮೇಷ್ಟ್ರು ಸಿಕ್ಕಿದ್ದು ಸಿಡ್ನಿಯ ಗಿರಾವೀನ್‌ನಲ್ಲಿ, ನನ್ನದೇ ಮನೆಯಿಂದ ಎರಡು ಬೀದಿ ಆಚೆ. ತರಕಾರಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುವಾಗ ನಾನೇ ಎಷ್ಟೋ ಸಲ ಅವರಿಗೆ ನಮಸ್ಕಾರ ಮಾಡಿದ್ದೆ. ಎಪ್ಪತ್ತು ದಾಟಿದವರು, ಹಳೆಯ ಮೇಷ್ಟ್ರ ನೆಟ್ಟನೆಯ ಬೆನ್ನು, ತಿಳಿನೀಲಿ ಸ್ವೆಟರ್. ಮಗಳು ಅಳಿಯ ನಾರ್ವೆಸ್ಟ್‌ನ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಇರುವವರು ಅವರೊಬ್ಬರೇ.

ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಒಗ್ಗರಣೆಯ ಘಮ ಬೀದಿಗೇ ಬಂತು.

“ಬಾಮ್ಮ ಶಾಲಿನಿ. ಬರ್ತೀಯ ಅಂತ ರಾಘವ್ ಫೋನ್ ಮಾಡಿದ್ದ.”

“ನಾನು ಮಾಡಿದಾಗ ಎತ್ತಲಿಲ್ಲವಲ್ಲ ಅಂಕಲ್?”

“ಇಂಥ ಮಾತು ಫೋನಲ್ಲಿ ಆಡೋದಲ್ಲ. ಕೈ ತೊಳ್ಕೊ. ಊಟ ಮಾಡ್ತಾ ಮಾತಾಡೋಣ.”

“ಟೈಮ್ ಇಲ್ಲ ಅಂಕಲ್. ಸಂಜೆ ಫ್ಲೈಟಿಗೆ ನೀವು ನನ್ ಜೊತೆ ಬರ್ಬೇಕು.”

“ಬರ್ತೀನೋ ಇಲ್ವೋ ಆಮೇಲೆ. ಬೆಳಿಗ್ಗೆಯಿಂದ ಏನು ತಿಂದಿದೀಯ?”

ಪ್ರಣತಿಯ ಮನೆಯ ಕಾಫಿ ಬಿಟ್ಟರೆ ಏನೂ ಇಲ್ಲ. ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಆ ವಯಸ್ಸಿನವರು ಸ್ವತಃ ಸಾರು ಮಾಡಿ ತಟ್ಟೆ ಹಾಕಿ ಕರೆದರೆ ಬೇಡ ಎನ್ನುವ ನಾಲಿಗೆ ನಮಗೆ ಯಾರಿಗೂ ಇಲ್ಲ. ಕುಳಿತೆ. ಫೋನ್ ತೆಗೆದು ತಟ್ಟೆಯ ಪಕ್ಕ ಇಟ್ಟೆ.

“ಅನ್ನದ ಮುಂದೆ ಅದು ಬೇಡ ಕಣಮ್ಮ. ನಮ್ಮನೇಲಿ ಮೊಮ್ಮಕ್ಕಳೂ ಇಡಲ್ಲ,” ಎಂದು ಅವರೇ ಎತ್ತಿ ನನ್ನ ಬ್ಯಾಗಿನೊಳಗೆ ಹಾಕಿ, ಬ್ಯಾಗನ್ನು ಬಾಗಿಲ ಬಳಿಯ ಕುರ್ಚಿಯ ಮೇಲೆ ಇಟ್ಟು ಬಂದರು. ಬೆಳಗಿನಿಂದ ಅದು ಸೈಲೆಂಟಿನಲ್ಲೇ ಇತ್ತು. ನಾನು ಸುಮ್ಮನಿದ್ದೆ.

ಹುರುಳಿಕಾಯಿ ಪಲ್ಯ ಬಂತು. ಕೋಸಂಬರಿ ಬಂತು. ಸಾರು ಬಂತು. ಹಗಲು ಒಬ್ಬರೇ ಇರುವ ಮನೆಯಲ್ಲಿ ಇಷ್ಟೆಲ್ಲ ಯಾಕೆ ಮಾಡಿದ್ದಾರೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಹಸಿವು ಪತ್ತೇದಾರಿಕೆಗೆ ಒಳ್ಳೆಯದಲ್ಲ.

“ಹತ್ತನೇ ಕ್ಲಾಸ್ ಅಂತ ತುಂಬಿ ಅಂದಿದ್ದು ನೀವೇ ಅಲ್ವಾ?”

“ನಾನೇ,” ಎಂದರು, ಅನ್ನಕ್ಕೆ ತುಪ್ಪ ಹಾಕುತ್ತಾ.

ಇಲ್ಲ ಎನ್ನುತ್ತಾರೆ ಎಂದು ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ. ಅದೆಲ್ಲ ವ್ಯರ್ಥವಾಯಿತು.

“ತಪ್ಪು ಅನ್ಸಲಿಲ್ವಾ?”

“ನಿಧಾನಕ್ಕೆ ತಿನ್ನು, ಹೇಳ್ತೀನಿ. ಪ್ರಣತಿ ಇಲ್ಲಿಗೆ ಬಂದು ಎಷ್ಟು ಲ್ಯಾಬ್ ಬಾಗಿಲು ತಟ್ಟಿದ್ಲು ಗೊತ್ತಾ? ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ ಅಂದ್ರು. ನಿಮ್ ಯೂನಿವರ್ಸಿಟಿ ನಮಗೆ ಗೊತ್ತಿಲ್ಲ ಅಂದ್ರು. ಗೋಲ್ಡ್ ಮೆಡಲ್ ಹುಡುಗಿ ಸೂಪರ್‌ಮಾರ್ಕೆಟಲ್ಲಿ ಟೊಮ್ಯಾಟೊ ತೂಗಿದ್ಲು. ಕೆಲಸ ಕೇಳೋವಾಗ ಲೆಕ್ಕಕ್ಕೆ ಬರದ ಎಂ.ಎಸ್‌ಸಿ, ಫಾರ್ಮ್ ತುಂಬೋವಾಗ ಮಾತ್ರ ಯಾಕಮ್ಮ ಬರ್ಬೇಕು? ಈ ದೇಶ ಅವಳನ್ನ ಹತ್ತನೇ ಕ್ಲಾಸ್ ಅಂತ ನೋಡ್ತು. ಅದನ್ನೇ ಬರಿ ಅಂದೆ.”

ನನ್ನ ಎಲ್‌ಎಲ್‌ಬಿಗೂ ಇಲ್ಲಿ ಸಿಕ್ಕಿದ್ದು ಅದೇ ಮರ್ಯಾದೆ. ಅದಕ್ಕೇ ನಾನು ಕೋರ್ಟಿನಲ್ಲಿ ವಾದ ಮಾಡದೆ ಮಂದಿಯ ಗೋಡೆಯ ಮೊಳೆ ನೋಡಿಕೊಂಡು ತಿರುಗುತ್ತಿರುವುದು. ಆ ಕ್ಷಣ ಅವರ ಮಾತು ನನಗೆ ಇಷ್ಟವಾಯಿತು, ಅದಕ್ಕಾಗಿ ನನ್ನ ಮೇಲೇ ಸಿಟ್ಟು ಬಂತು.

“ಅಷ್ಟು ನ್ಯಾಯ ಅನ್ಸಿದ್ರೆ ಫೋಟೋ ಯಾಕೆ ತೆಗೆಸಿದ್ರಿ ಅಂಕಲ್?”

ಅವರು ಇನ್ನಷ್ಟು ಸಾರು ಬಡಿಸಿದರು.

“ಅದೇ ಸ್ಕೂಲಲ್ಲಿ ಅಪ್ಪ ಅಮ್ಮ ನಿಜವಾಗ್ಲೂ ಓದ್ದೇ ಇರೋ ಮಕ್ಕಳಿದಾರೆ. ಮನೇಲಿ ಹೇಳಿಕೊಡೋರು ಯಾರೂ ಇಲ್ಲ. ಆ ಕನ್ಸೆಷನ್ ಇಟ್ಟಿದ್ದು ಅವ್ರಿಗೆ. ನೀವು ಅವ್ರ ಕುರ್ಚಿ ಎಳ್ಕೊಂಡು ನಮ್ಮ ಮಕ್ಕಳನ್ನ ಕೂರ್ಸಿದ್ರಿ. ಇರ್ಲಿ, ಅದನ್ನ ಇಲಾಖೆ ಕೇಳತ್ತೆ. ನಾನು ಕೇಳೋದು ಜಯಾ ಮಾತು. ಅವಳು ಏನ್ ಮಾಡಿದಾಳೆ? ನೀವು ಬರೆಸಿದ್ದು, ಇವ್ರು ಬರ್ದಿದ್ದು, ಸಿಕ್ಕಿಹಾಕ್ಕೊಂಡಿದ್ದು ಅವಳು. ನಾಳೆ ಅವಳನ್ನ ಕಳ್ಳಿ ಅಂತ ಕರೀತಾರೆ, ನೀವು ಇಲ್ಲಿ ಹುರುಳಿಕಾಯಿ ಹೆಚ್ಕೊಂಡು ಕೂತಿರ್ತೀರಾ?”

ಮೇಷ್ಟ್ರ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. ಮುಖ ಕೆಂಪಾಗಿತ್ತು. ಜೀವಮಾನವೆಲ್ಲ ಬೇರೆಯವರಿಗೆ ಬೈದವರು ಬೈಸಿಕೊಂಡಾಗ ಹೀಗೆ ಕಾಣುತ್ತಾರೆ ಎಂದುಕೊಂಡೆ.

“ಜಯಾ ಒಳ್ಳೇ ಹುಡುಗಿ,” ಎಂದರು ಮೆಲ್ಲಗೆ.

“ಒಳ್ಳೇ ಹುಡುಗಿ ಅಂತಾನೇ ಅವಳ ತಲೆ ಮೇಲೆ ಹಾಕಿದ್ದಾ?”

ಅವರು ಸೌಟು ಎತ್ತಿಟ್ಟರು. ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿದರು. ಎದ್ದು ಹೋಗಿ ಫ್ರಿಜ್ಜಿನಿಂದ ಮೊಸರು ತಂದರು. ನನ್ನ ತಟ್ಟೆಗೆ ಅನ್ನ ಹಾಕಿ, ಮೊಸರು ಹಾಕಿ, ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಸರಿಸಿದರು.

“ಮೊಸರನ್ನ ಮುಗ್ಸು,” ಎಂದರು. “ಬರ್ತೀನಿ ನಡಿ. ನಾಳೆ ಅವರೆದುರು ಕೂತು ಹೇಳ್ಬೇಕಾದ್ದು ಹೇಳ್ತೀನಿ.”

ಗೆದ್ದೆ ಎಂದುಕೊಂಡೆ. ಒಪ್ಪಿಸಲು ಇನ್ನೂ ಗಂಟೆಗಟ್ಟಲೆ ಗುದ್ದಾಡಬೇಕಾಗುತ್ತದೆ ಎಂದು ಬಂದವಳಿಗೆ ಹೊಟ್ಟೆಯೂ ತುಂಬಿತ್ತು, ಕೆಲಸವೂ ಆಗಿತ್ತು. ಅವರು ಬಟ್ಟೆ ತುಂಬಿಕೊಳ್ಳಲು ರೂಮಿಗೆ ಹೋದರು. ನಾನು ತಟ್ಟೆ ತೊಳೆದಿಟ್ಟು, ಜಯಾಗೆ ಖುಷಿಯ ಸುದ್ದಿ ಹೇಳೋಣ ಎಂದು ಬ್ಯಾಗಿನಿಂದ ಫೋನ್ ತೆಗೆದೆ.

ಪರದೆಯ ತುಂಬ ಜಯಾ. ಮಿಸ್ಡ್ ಕಾಲ್, ಮಿಸ್ಡ್ ಕಾಲ್, ಮಿಸ್ಡ್ ಕಾಲ್. ಕೊನೆಯದಕ್ಕೆ ಜೊತೆಯಲ್ಲಿ ಒಂದು ಮೆಸೇಜು: ಅಕ್ಕ ಪ್ಲೀಸ್ ಎತ್ತಿ.

ಮೊದಲ ರಿಂಗಿಗೇ ಎತ್ತಿದಳು.

“ಜಯಾ, ಏನಾಯ್ತು?”

“ಸಹಿ ಹಾಕ್ಬಿಟ್ಟೆ ಅಕ್ಕ.”

ಬಾಗಿಲ ಬಳಿಯ ಕುರ್ಚಿ ಹಿಡಿದುಕೊಂಡೆ. “ಯಾಕೆ? ಬೇಡ ಅಂತ ಹೇಳಿದ್ನಲ್ಲ! ಅಂಕಲ್ ಒಪ್ಪಿದಾರೆ ಕಣೇ, ನನ್ ಜೊತೆ ಬರ್ತಿದಾರೆ. ಬಟ್ಟೆ ತುಂಬ್ಕೊಳ್ತಿದಾರೆ ಈಗ.”



“ಅಂಕಲ್ಲೇ ಅಲ್ವಾ ಅಕ್ಕ ಫೋನ್ ಮಾಡಿ ಹೇಳಿದ್ದು? ನೀವು ಫ್ಲೈಟಲ್ಲಿ ಇದ್ದಾಗ. ‘ಶಾಲಿನಿ ನಮ್ಮನೆಗೇ ಬರ್ತಿದಾಳೆ, ಅವಳ ಹತ್ರ ಎಲ್ಲ ಮಾತಾಡಿದೀನಿ, ಸಹಿ ಹಾಕೋದೇ ವಾಸಿ ಅಂತ ಅವಳೂ ಒಪ್ಪಿದಾಳೆ’ ಅಂದ್ರು. ನಂಗೆ ನಂಬ್ಕೆ ಬರ್ಲಿಲ್ಲ. ಮಧ್ಯಾಹ್ನ ಹೆಲೆನ್ ಕರ್ದಾಗ ನಿಮ್ಮನ್ನೇ ಒಂದ್ಸಲ ಕೇಳೋಣ ಅಂತ ಫೋನ್ ಮಾಡ್ದೆ, ಮಾಡ್ದೆ, ಮಾಡ್ತಾನೇ ಇದ್ದೆ. ಹೆಲೆನ್ ಪೆನ್ ಹಿಡ್ಕೊಂಡು ಎದುರಿಗೇ ಕೂತಿದ್ರು.” ಅವಳು ಬಿಕ್ಕಿದಳು. “ನೀವು ಎತ್ತಲಿಲ್ಲ. ನಿಜ ಇರ್ಬೇಕು, ನನ್ ಮುಖಕ್ಕೆ ಹೇಳೋಕಾಗ್ದೆ ಎತ್ತುತ್ತಿಲ್ಲ ಅಂದ್ಕೊಂಡೆ.”

ಅವಳು ಒಂದೊಂದು ಸಲ ನಂಬರ್ ಒತ್ತಿದಾಗಲೂ ನಾನು ಈ ಮನೆಯಲ್ಲಿ ಒಂದೊಂದು ತುತ್ತು ನುಂಗುತ್ತಿದ್ದೆ. ಬಡಿಸಿದ್ದು ಅನ್ನವಲ್ಲ, ಹೊತ್ತು.

ರೂಮಿನ ಬಾಗಿಲು ತೆರೆಯಿತು. ನಾನು ಫೋನನ್ನು ಹಾಗೇ ಬ್ಯಾಗಿನೊಳಗೆ ಇಳಿಸಿದೆ. ನಾರಾಯಣ ಮೇಷ್ಟ್ರು ಪುಟ್ಟ ಸೂಟ್‌ಕೇಸ್ ಎಳೆದುಕೊಂಡು ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೇಲೆ ಕೋಟು. ತಪ್ಪು ಒಪ್ಪಿಕೊಳ್ಳಲು ಹೊರಟವರ ಮುಖ ಅದಾಗಿರಲಿಲ್ಲ.

ಈಗ ಸಿಟ್ಟು ತೋರಿಸಿದರೆ ಕೆಟ್ಟೆ ಎಂದು ಒಳಗಿನಿಂದ ಯಾರೋ ಹೇಳಿದಂತಾಯಿತು. ದನಿ ನಡುಗದ ಹಾಗೆ ನೋಡಿಕೊಂಡು ಕೇಳಿದೆ.

“ಅಂಕಲ್, ನಮ್ಮಿಬ್ರಿಗೂ ಟಿಕೆಟ್ ಬುಕ್ ಮಾಡ್ಲಾ?”

“ನಿಂದು ಮಾತ್ರ ಮಾಡ್ಕೊ ಕಣಮ್ಮ,” ಎಂದರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. “ಸ್ಕೂಲ್ ಕಡೆ ಸಾಕ್ಷಿ ಅಂತ ನಂದು ಹೆಲೆನ್ ನಿನ್ನೇನೇ ಬುಕ್ ಮಾಡಿ ಕಳ್ಸಿದಾಳೆ.”